ಟಾಂಕಿ ಹತ್ತಿರದ ಮರಗಪ್ಪೆ ಯಾರನ್ನು ಕರೆಯುತ್ತದೆ, ಯಾರನ್ನು ಓಡಿಸುತ್ತದೆ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಮಳೆ ಹಿಡಿದ ಮೇಲೆ ಬಚ್ಚಲಿನ ಹಿಂದಿನ ಸಿಮೆಂಟ್ ಟಾಂಕಿ ಹತ್ತಿರ ರಾತ್ರಿ ಮರಗಪ್ಪೆಗಳ ಗಲಾಟೆ. ಜಾಸ್ತಿ ಕೇಳುವುದು 'ಟಕ್ ಟಕ್ ಟಕ್' ಅಂತ. ನಡುವೆ ಒಮ್ಮೊಮ್ಮೆ ಗೊರಗೊರ ಅಂತ ಬೇರೆಯೇ ಒಂದು ಸ್ವರ ಬರುತ್ತದೆ. ಒಂದು ಹೆಣ್ಣನ್ನು ಕರೆಯುವ ಕೂಗು, ಇನ್ನೊಂದು ಜಾಗಕ್ಕಾಗಿ ಜಗಳ ಎಂದು ಮಗಳು ಹೇಳುತ್ತಾಳೆ. ಹೌದಾ? ಗುರುತಿಸುವುದು ಹೇಗೆ? ಟಾಂಕಿ ಗೋಡೆಗೆ ಬಿಳಿ ನೊರೆ ಅಂಟಿಕೊಂಡಿದೆ, ತೊಳೆದು ತೆಗೆಯಬಹುದಾ?

ಉತ್ತರ: ನಮಸ್ಕಾರ. ನೊರೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ಅದಕ್ಕೆ ಅವಸರ ಇದೆ. ದಯವಿಟ್ಟು ತೊಳೆಯಬೇಡಿ. ಅದರೊಳಗೆ ಮೊಟ್ಟೆಗಳಿವೆ. ಏನು ಮಾಡಬಹುದು ಅಂತ ಕೊನೆಯಲ್ಲಿ ಬರೆದಿದ್ದೇನೆ.

ಇನ್ನು ಕೂಗು. ನಿಮ್ಮ ಮಗಳು ಚೆನ್ನಾಗಿ ಗಮನಿಸಿದ್ದಾಳೆ, ಎರಡು ಬಗೆಯ ಸ್ವರ ಇರುವುದು ನಿಜ. ಆದರೆ ಒಂದು ಪೂರ್ತಿ ಪ್ರೀತಿಯದ್ದು, ಇನ್ನೊಂದು ಪೂರ್ತಿ ಜಗಳದ್ದು ಅಂತ ಬೇರೆ ಮಾಡಲು ಬರುವುದಿಲ್ಲ. ನೀವು ಜಾಸ್ತಿ ಕೇಳುವ ಆ ಟಕ್ ಟಕ್ ಕೂಗೇ ಎರಡೂ ಕೆಲಸ ಮಾಡುತ್ತದೆ. ಹೆಣ್ಣಿಗೆ ಅದು 'ಇಲ್ಲಿದ್ದೇನೆ, ಬಾ'. ಇನ್ನೊಂದು ಗಂಡಿಗೆ ಅದೇ ಕೂಗು 'ಇಲ್ಲಿ ನಾನಿದ್ದೇನೆ, ದೂರ ಇರು'. ಅಷ್ಟು ಹೇಳಿದ ಮೇಲೂ ಇನ್ನೊಂದು ಗಂಡು ತೀರ ಹತ್ತಿರ ಬಂದರೆ ಆಗ ಗೊರಗೊರ ಶುರು. ಹಾಗಾಗಿ ಗುರುತಿಸಲು ಕಿವಿಯೊಂದೇ ಸಾಲದು. ಕೂಗುವ ಕಪ್ಪೆಯ ಅಕ್ಕಪಕ್ಕ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಅಂತ ನೋಡಬೇಕು.

ಮೊದಲು ಕಪ್ಪೆ ಯಾವುದು ಅಂತ ನೋಡೋಣ. ಮನೆ ಪಕ್ಕದ ಟಾಂಕಿ, ಟಕ್ ಟಕ್ ಸ್ವರ, ಗೋಡೆಗೆ ಅಂಟಿದ ನೊರೆ, ಇಷ್ಟೂ ಒಟ್ಟಿಗೆ ಇದ್ದರೆ ನಮ್ಮ ಕಡೆ ಅದು ಹೆಚ್ಚಾಗಿ ಸಾಮಾನ್ಯ ಮರಗಪ್ಪೆ, ಪಾಲಿಪೆಡೇಟಸ್ ಮ್ಯಾಕುಲೇಟಸ್. ಕಂದು ಅಥವಾ ಮಾಸಲು ಹಳದಿ ಮೈ, ಬೆರಳ ತುದಿಗಳಲ್ಲಿ ಗುಂಡಗಿನ ಅಂಟುಮೆತ್ತೆ, ಕಾಲು ಚಾಚಿದಾಗ ತೊಡೆಯ ಹಿಂದೆ ಕಾಣುವ ಹಳದಿ ಚುಕ್ಕೆಗಳು. ಹಗಲು ಸುಣ್ಣದ ಗೋಡೆ ಮೇಲೆ ಕೂತಿದ್ದರೆ ಮೈ ಬಿಳಿಚಿಕೊಂಡು ಗೋಡೆಯ ಬಣ್ಣಕ್ಕೇ ಬಂದಿರುತ್ತದೆ. ಹೆಣ್ಣು ಏಳೆಂಟು ಸೆಂಟಿಮೀಟರ್ ಉದ್ದ ಬೆಳೆಯುತ್ತದೆ, ಗಂಡು ಅದಕ್ಕಿಂತ ಸಣ್ಣದು. ಕೂಗುವುದು ಗಂಡು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಕೂಗನ್ನು ಧ್ವನಿಮುದ್ರಿಸಿಕೊಂಡು 1990ರ ದಶಕದಲ್ಲೇ ಅಧ್ಯಯನ ಮಾಡಿದ್ದಾರೆ.

ಕೂಗುವಾಗ ಅದನ್ನು ಒಮ್ಮೆ ಹತ್ತಿರದಿಂದ ನೋಡಿ. ಬಾಯಿ ಮುಚ್ಚಿರುತ್ತದೆ. ಮೂಗಿನ ಹೊಳ್ಳೆಯೂ ಮುಚ್ಚಿರುತ್ತದೆ. ಹೊಟ್ಟೆ ಮತ್ತು ಪಕ್ಕೆಯ ಸ್ನಾಯುಗಳು ಬಿಗಿದು ಶ್ವಾಸಕೋಶದ ಗಾಳಿಯನ್ನು ಗಂಟಲಿಗೆ ತಳ್ಳುತ್ತವೆ. ಗಾಳಿ ಧ್ವನಿತಂತುಗಳನ್ನು ಅದುರಿಸಿಕೊಂಡು ಗಲ್ಲದ ಕೆಳಗಿನ ಚೀಲಕ್ಕೆ ನುಗ್ಗುತ್ತದೆ, ಚೀಲ ಉಬ್ಬುತ್ತದೆ, ಆಮೇಲೆ ಅದೇ ಗಾಳಿ ಮತ್ತೆ ಶ್ವಾಸಕೋಶಕ್ಕೆ ವಾಪಸ್. ಪ್ರತಿ ಕೂಗಿಗೂ ಹೊಸದಾಗಿ ಉಸಿರು ಎಳೆದುಕೊಳ್ಳಬೇಕಾಗಿಲ್ಲ. ಅದಕ್ಕೇ ಅಷ್ಟು ಹೊತ್ತು ಬಿಡದೆ ಕೂಗಲು ಸಾಧ್ಯವಾಗುವುದು. ಆದರೂ ಇದು ಸುಲಭದ ಕೆಲಸ ಅಲ್ಲ. ಅಮೆರಿಕದ ಬೂದು ಮರಗಪ್ಪೆಯಲ್ಲಿ ಅಳೆದು ನೋಡಿದ್ದಾರೆ. ಸುಮ್ನೆ ಕೂತಾಗ ಬೇಕಾಗುವ ಆಮ್ಲಜನಕದ ಹತ್ತು ಪಟ್ಟಿಗಿಂತ ಜಾಸ್ತಿ ಅದಕ್ಕೆ ಕೂಗುವಾಗ ಬೇಕಾಗುತ್ತದೆ. ಜೋರಾಗಿ ಕೂಗಿದರೆ ಶತ್ರುವಿಗೂ ಕೇಳುತ್ತದೆ, ಕಪ್ಪೆ ತಿನ್ನುವ ಬಾವಲಿಗಳಿವೆ. ಇಷ್ಟೆಲ್ಲ ಖರ್ಚು, ಅಪಾಯ ಇರುವಾಗ ಒಂದೇ ಕೂಗಿನಲ್ಲಿ ಎರಡು ಸುದ್ದಿ ಮುಟ್ಟಿಸುವುದು ಕಪ್ಪೆಗೆ ಲಾಭ, ಅಲ್ವಾ?

ಒಂದೇ ಕೂಗು, ಎರಡು ಸುದ್ದಿ ಎಂಬುದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಪೋರ್ಟೊ ರಿಕೊ ದ್ವೀಪದ ಕೊಕ್ವಿ ಎಂಬ ಪುಟ್ಟ ಕಪ್ಪೆ. ಅದು ನಮ್ಮ ಮರಗಪ್ಪೆಗಳ ಕುಟುಂಬದ್ದಲ್ಲ, ಆದರೆ ಗಿಡಮರ ಹತ್ತಿಯೇ ಕೂಗುವುದು. ಅರ್ಧ ಮೀಟರ್ ದೂರದಲ್ಲಿ ಅಳೆದರೆ 90 ಡೆಸಿಬೆಲ್‌ಗಿಂತ ಜಾಸ್ತಿ ಗಟ್ಟಿ. 'ಕೊ' ಅಂತ ಒಂದು ತಗ್ಗು ಸ್ವರ, ಬೆನ್ನಿಗೇ 'ಕ್ವಿ' ಅಂತ ಒಂದು ಮೇಲಿನ ಸ್ವರ. ಪೀಟರ್ ನಾರಿನ್ಸ್ ಮತ್ತು ರಾಬರ್ಟ್ ಕಪ್ರಾನಿಕಾ ಇದರ ಮೇಲೆ ಪ್ರಯೋಗ ಮಾಡಿ 1976ರಲ್ಲಿ ಪ್ರಕಟಿಸಿದರು. ಧ್ವನಿವರ್ಧಕದಲ್ಲಿ ಬರೇ 'ಕೊ' ಹಾಕಿದರೆ ಗಂಡುಗಳು ಉತ್ತರ ಕೊಟ್ಟವು. 'ಕ್ವಿ' ಕೇಳಿಸಿದರೆ ಹೆಣ್ಣುಗಳು ಹುಡುಕಿಕೊಂಡು ಬಂದವು. ಕಿವಿಯೂ ಹಾಗೆಯೇ ಹೊಂದಿಕೊಂಡಿದೆ, ಗಂಡಿನ ಕಿವಿ ತಗ್ಗು ಸ್ವರಕ್ಕೆ, ಹೆಣ್ಣಿನ ಕಿವಿ ಮೇಲಿನ ಸ್ವರಕ್ಕೆ ಚುರುಕು. ಇನ್ನೊಂದು ಗಂಡು ಜಾಗಕ್ಕೆ ನುಗ್ಗಿದಾಗ ಕೊಕ್ವಿ 'ಕ್ವಿ' ಬಿಟ್ಟು ಬರೇ 'ಕೊ ಕೊ' ಅನ್ನುತ್ತದೆ. ಜಗಳದ ಹೊತ್ತಿಗೆ ಹೆಣ್ಣಿಗಾಗಿ ಕೂಗುವ ಭಾಗವನ್ನು ಕೈಬಿಡುತ್ತದೆ ಅಂತಾಯ್ತು.

ನಿಮ್ಮ ಟಾಂಕಿಯ ಕಪ್ಪೆಯ ಕೂಗು ಇಷ್ಟು ಚೊಕ್ಕವಾಗಿ ಎರಡು ಭಾಗ ಆಗುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ದೂರ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ತುಂಬ ಇಷ್ಟವಾದ ಉದಾಹರಣೆ ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಮರಗಪ್ಪೆ. ಇಂಗ್ಲಿಷ್ ಸಿನಿಮಾಗಳಲ್ಲಿ ರಾತ್ರಿ ದೃಶ್ಯ ಬಂದರೆ ಕೇಳುವ 'ರಿಬ್ಬಿಟ್' ಸ್ವರ ಇದರದ್ದೇ. ಗಂಡು ಪಕ್ಕದವನ ಕೂಗು ತನ್ನ ಕಿವಿಗೆ ಎಷ್ಟು ಗಟ್ಟಿಯಾಗಿ ಬೀಳುತ್ತದೆ ಎಂಬುದರ ಮೇಲೆ ದೂರ ಅಂದಾಜು ಮಾಡುತ್ತದೆ. ಒಂದು ಮಿತಿಯ ತನಕ ಸುಮ್ನಿರುತ್ತದೆ, ತನ್ನ ಮಾಮೂಲಿ ಕೂಗು ಮುಂದುವರಿಸುತ್ತದೆ. ಮಿತಿ ದಾಟಿತೋ, ಕೂಡಲೇ ಸ್ವರ ಬದಲಾಗಿ ಒತ್ತೊತ್ತಾದ ಗೊರಗು ಶುರು. ಎಲಿಯಟ್ ಬ್ರೆನೊವಿಟ್ಸ್ ಮತ್ತು ಗ್ಯಾರಿ ರೋಸ್ 1990ರ ದಶಕದಲ್ಲಿ ತೋರಿಸಿದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಸಂಗತಿ: ಆ ಮಿತಿ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಪಕ್ಕದವನು ಅಲ್ಲೇ ಕೂತು ಕೂಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಇವನ ಸಹನೆ ಏರುತ್ತದೆ, ಗೊರಗು ನಿಲ್ಲುತ್ತದೆ, ಮತ್ತೆ ಮಾಮೂಲಿ ಕೂಗಿಗೆ ಬರುತ್ತಾನೆ. ತೋಟದ ಬೇಲಿ ವಿಷಯದಲ್ಲಿ ಮೊದಲ ವರ್ಷ ತಕರಾರು ಮಾಡಿದ ನೆರೆಯವರು ಆಮೇಲೆ ಹೊಂದಿಕೊಂಡು ಹೋಗುತ್ತಾರಲ್ಲ, ಹಾಗೆ.

ಇದರಿಂದ ನಿಮಗೆ ಒಂದು ಸುಳಿವು ಸಿಗುತ್ತದೆ. ಕತ್ತಲಾಗಿ ಗಂಡುಗಳು ಒಂದೊಂದಾಗಿ ಟಾಂಕಿಗೆ ಬಂದು ಜಾಗ ಹಿಡಿಯುವ ಹೊತ್ತಿಗೆ ಗೊರಗೊರ ಜಾಸ್ತಿ ಕೇಳಬೇಕು. ಎಲ್ಲರೂ ಕೂತು ನೆಲೆಯಾದ ಮೇಲೆ ಕಡಿಮೆಯಾಗಬೇಕು. ತಡರಾತ್ರಿ ಮತ್ತೆ ಹೊಸದಾಗಿ ಕೇಳಿಸಿದರೆ ಯಾರೋ ಜಾಗ ಬದಲಿಸಿದ್ದಾರೆ ಅಂತ ಅರ್ಥ. ಮಗಳ ಹತ್ತಿರ ಗಂಟೆ ನೋಡಿ ಬರೆದಿಡಲು ಹೇಳಿ, ನಾಲ್ಕೈದು ರಾತ್ರಿಗಳಲ್ಲೇ ಒಂದು ಚಿತ್ರ ಮೂಡುತ್ತದೆ.

ಜಗಳದ ಕೂಗಿನಲ್ಲೂ ಹಂತಗಳಿವೆ. ಪನಾಮದ ಒಂದು ಪುಟ್ಟ ಹಳದಿ ಮರಗಪ್ಪೆಯಲ್ಲಿ ಎದುರಾಳಿ ಹತ್ತಿರ ಹತ್ತಿರ ಬಂದಂತೆ ಕೂಗಿನ ಮೊದಲ ಭಾಗ ಉದ್ದ ಉದ್ದ ಆಗುತ್ತಾ ಹೋಗುತ್ತದೆ. ಅಂದರೆ ಬೆದರಿಕೆಯನ್ನೂ ಅಳತೆ ನೋಡಿಯೇ ಹಾಕುತ್ತದೆ. ಹೆಚ್ಚಿನ ತಕರಾರು ಕೂಗಿನಲ್ಲೇ ಮುಗಿಯುತ್ತದೆ, ಮೈಮೇಲೆ ಬೀಳುವುದು ಕಡೆಯ ಹಂತ. ಆದರೆ ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ ಗ್ಲಾಡಿಯೇಟರ್ ಕಪ್ಪೆಗಳು ಅಂತ ಇವೆ, ಕೆಸರಿನಲ್ಲಿ ಬಟ್ಟಲಿನ ಆಕಾರದ ಗೂಡು ಮಾಡಿ ಕಾಯುವ ಗಂಡುಗಳು. ಅವುಗಳ ಹೆಬ್ಬೆರಳ ಬುಡದಲ್ಲಿ ಮುಳ್ಳು ಇರುತ್ತದೆ, ಗೂಡಿಗಾಗಿ ಹೊಡೆದಾಡಿ ಸಾಯುವುದೂ ಇದೆ. ನಮ್ಮ ಮರಗಪ್ಪೆಗೆ ಅಂಥ ಆಯುಧ ಇಲ್ಲ, ತಳ್ಳಾಟ, ಹತ್ತಿ ಕೂರುವುದು, ಅಷ್ಟೇ.

ಸ್ವರವೇ ಇಲ್ಲದ ಬೆದರಿಕೆಯೂ ಉಂಟು. ಮಧ್ಯ ಅಮೆರಿಕದ ಕೆಂಪುಕಣ್ಣಿನ ಮರಗಪ್ಪೆಯ ಗಂಡು ತಾನು ಕೂತ ಗಿಡವನ್ನೇ ಹಿಂಗಾಲು ಎತ್ತಿ ಇಳಿಸಿ ಅದುರಿಸುತ್ತದೆ. ಆ ನಡುಕ ಕೊಂಬೆಯ ಮೂಲಕ ಎದುರಾಳಿಯ ಕಾಲಿಗೆ ಮುಟ್ಟುತ್ತದೆ. ಇದು 2010ರಲ್ಲಿ ಪ್ರಕಟವಾದ ಅಧ್ಯಯನ.

ಹೆಣ್ಣಿನ ಕಡೆಗೆ ಬರೋಣ. ಅದು ಸುಮ್ನೆ ಹತ್ತಿರದ ಕೂಗಿಗೆ ಹೋಗುವುದಿಲ್ಲ, ಆಯ್ಕೆ ಮಾಡುತ್ತದೆ. ಬೂದು ಮರಗಪ್ಪೆಯ ಹೆಣ್ಣಿಗೆ ಉದ್ದದ ಕೂಗು ಇಷ್ಟ. 1998ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಉದ್ದಕ್ಕೆ ಕೂಗುವ ಗಂಡುಗಳ ಮರಿಗಳು ಬೇರೆ ಗಂಡುಗಳ ಮರಿಗಳಿಗಿಂತ ಒಟ್ಟಾರೆ ಚೆನ್ನಾಗಿ ಬೆಳೆದವು ಎಂದು ಗೊತ್ತಾಯಿತು. ಉದ್ದ ಕೂಗಲು ತಾಕತ್ತು ಬೇಕು. ಆ ತಾಕತ್ತು ಮಕ್ಕಳಿಗೂ ಹೋಗುತ್ತದೆ. ಕೂಗಿನೊಳಗಿನ ಮಿಡಿತದ ವೇಗವೂ ಮುಖ್ಯ, ಹೆಣ್ಣು ತನ್ನ ಜಾತಿಯನ್ನು ಗುರುತಿಸುವುದು ಅದರಿಂದ. ಕಪ್ಪೆಯ ಮೈ ಹೊರಗಿನ ಹವೆಗೆ ತಕ್ಕಂತೆ ತಣ್ಣಗೆ ಬೆಚ್ಚಗೆ ಆಗುವ ಕಾರಣ ತಂಪು ರಾತ್ರಿ ಮಿಡಿತ ನಿಧಾನವಾಗುತ್ತದೆ. ಚೋದ್ಯ ಏನೆಂದರೆ ಆ ರಾತ್ರಿ ಹೆಣ್ಣಿನ ಆಯ್ಕೆಯೂ ನಿಧಾನದ ಮಿಡಿತದ ಕಡೆಗೇ ವಾಲುತ್ತದೆ. ಹಾಗಾಗಿ ಆಟಿಯ ಜಡಿಮಳೆಯಲ್ಲಿ ಕೇಳಿದ ಕೂಗನ್ನು ಪತ್ತನಾಜೆ ಕಳೆದು ಸೆಕೆಯ ನಡುವೆ ಬಿದ್ದ ಮೊದಲ ಮಳೆಯ ಕೂಗಿನ ಜೊತೆ ಹೋಲಿಸಿ 'ಇದು ಬೇರೆ ಕಪ್ಪೆ' ಅಂತ ಹೇಳಲು ಹೋಗಬೇಡಿ. ಉಷ್ಣತೆಯನ್ನೂ ಬರೆದಿಡಿ.

ಇಷ್ಟೊಂದು ಗದ್ದಲದಲ್ಲಿ ಹೆಣ್ಣಿಗೆ ಒಂದು ಕೂಗು ಬೇರೆಯಾಗಿ ಕೇಳುವುದು ಹೇಗೆ ಅಂತ ನಿಮಗೂ ಅನಿಸಿರಬಹುದು. ಅಮೆರಿಕದ ಹಸಿರು ಮರಗಪ್ಪೆಯಲ್ಲಿ 2021ರಲ್ಲಿ ಒಂದು ಅಚ್ಚರಿ ಹೊರಬಂತು. ಹೆಣ್ಣಿನ ಗಾಳಿ ತುಂಬಿದ ಶ್ವಾಸಕೋಶ ಅದುರಿ, ಬೇರೆ ಜಾತಿಯ ಕಪ್ಪೆಗಳ ಕೂಗು ಇರುವ ಸ್ವರಮಟ್ಟದಲ್ಲಿ ಕಿವಿತಮಟೆಯ ಅದುರುವಿಕೆಯನ್ನು ತಗ್ಗಿಸುತ್ತದೆ. ತನ್ನ ಜಾತಿಯ ಕೂಗಿಗೆ ಅದರಿಂದ ಅಡ್ಡಿಯಿಲ್ಲ. ಗಂಡುಗಳೂ ತಮ್ಮ ಕಡೆಯಿಂದ ಒಂದು ಉಪಾಯ ಮಾಡುತ್ತವೆ, ಒಬ್ಬರ ಮೇಲೊಬ್ಬರು ಬೀಳದೆ ಸರದಿಯಲ್ಲಿ ಕೂಗುತ್ತವೆ. ಜಪಾನಿನಲ್ಲಿ ಗದ್ದೆಯ ಬದುವಿನ ಉದ್ದಕ್ಕೂ, ಸ್ವರ ಬಿದ್ದಾಗ ಮಿನುಗುವ ಸಣ್ಣ ದೀಪಗಳನ್ನು ಇಟ್ಟು ಚಿತ್ರೀಕರಿಸಿ ಇದನ್ನು ತೋರಿಸಿದ್ದಾರೆ. ಪಕ್ಕಪಕ್ಕದ ಗಂಡುಗಳು ಒಂದು ಬಿಟ್ಟು ಒಂದು ಕೂಗುತ್ತಿದ್ದವು. ನಿಮ್ಮ ಟಾಂಕಿಯಲ್ಲಿ ಎರಡು ಗಂಡು ಇದ್ದ ರಾತ್ರಿ ಕಣ್ಣು ಮುಚ್ಚಿ ಕೇಳಿ. ಈ ಕಡೆ ಟಕ್ ಟಕ್, ಆ ಕಡೆ ಟಕ್ ಟಕ್ ಅಂತ ಸರದಿ ಸಿಗುತ್ತದಾ ನೋಡಿ.

ಕೂಗದೇ ಕೂತ ಗಂಡೂ ಕಾಣಬಹುದು. ಹಸಿರು ಮರಗಪ್ಪೆಯಲ್ಲಿ ಕೆಲವು ಗಂಡುಗಳು ಕೂಗುವವನ ಪಕ್ಕ ಬಾಯಿ ಮುಚ್ಚಿ ಕೂತು, ಕೂಗಿಗೆ ಬಂದ ಹೆಣ್ಣನ್ನು ದಾರಿಯಲ್ಲೇ ಹಿಡಿಯುತ್ತವೆ. ಹಾಗಾಗಿ ದೊಡ್ಡ ಕಪ್ಪೆಯ ಪಕ್ಕ ಸುಮ್ನೆ ಕೂತ ಇನ್ನೊಂದನ್ನು ಕಂಡ ಕೂಡಲೇ ಹೆಣ್ಣು ಅಂತ ಬರೆಯಬೇಡಿ. ಗಾತ್ರ ನೋಡಿ, ಗಲ್ಲದ ಕೆಳಗಿನ ಚರ್ಮ ಸಡಿಲ ಇದೆಯಾ ನೋಡಿ.

ಟಾಂಕಿಯೇ ಯಾಕೆ, ಪಕ್ಕದಲ್ಲೇ ತೋಡು ಇದೆಯಲ್ಲ ಅಂತ ಕೇಳುವವರಿದ್ದಾರೆ. ಹರಿಯುವ ನೀರಿನಲ್ಲಿ ಗೊದಮೊಟ್ಟೆ ಕೊಚ್ಚಿ ಹೋಗುತ್ತದೆ, ಮೀನೂ ತಿನ್ನುತ್ತದೆ. ನಿಂತ ನೀರು, ಅದರ ಮೇಲೆ ನೊರೆ ಅಂಟಿಸಲು ಒಂದು ಆಸರೆ, ಈ ಕಪ್ಪೆಗೆ ಬೇಕಾಗುವುದು ಅದೇ. ಪಳ್ಳ, ಮದಕ, ನೀರು ತುಂಬಿದ ಹಳೆ ಕೆಂಪುಕಲ್ಲಿನ ಕೋರೆ, ಹಟ್ಟಿ ಪಕ್ಕದ ಡ್ರಮ್, ಎಲ್ಲ ಆಗುತ್ತದೆ. ಸಿಮೆಂಟಿನಿಂದ ಇನ್ನೊಂದು ಲಾಭವೂ ಇರಬಹುದು. ತೈವಾನಿನ ಒಂದು ಸಣ್ಣ ಮರಗಪ್ಪೆ ಕಾಂಕ್ರೀಟ್ ಚರಂಡಿಯೊಳಗೆ ಕೂತು ಕೂಗುತ್ತದೆ. ಚರಂಡಿಯೊಳಗಿನ ಕೂಗು ಹೊರಗಿನ ಕೂಗಿಗಿಂತ ಗಟ್ಟಿ ಮತ್ತು ಉದ್ದ ಎಂದು 2014ರ ಅಧ್ಯಯನದಲ್ಲಿ ಕಂಡುಬಂತು. ನಿಮ್ಮ ಟಾಂಕಿ ಅರ್ಧ ಖಾಲಿ ಇದ್ದಾಗ ಗೋಡೆಯ ಒಳಬದಿಯಲ್ಲಿ ಕೂತ ಗಂಡಿನ ಕೂಗು ನಿಮಗೆ ಅಷ್ಟು ಗಟ್ಟಿಯಾಗಿ ಕೇಳುವುದಕ್ಕೂ ಗೋಡೆಗಳ ಸಹಾಯ ಇದೆ.

ಇನ್ನೆರಡು ಸ್ವರಗಳಿವೆ, ಅವನ್ನು ಇದರ ಜೊತೆ ಬೆರೆಸಬೇಡಿ. ಗಂಡು ಕತ್ತಲಲ್ಲಿ ಇನ್ನೊಂದು ಗಂಡಿನ ಬೆನ್ನು ಹತ್ತಿದರೆ ಕೆಳಗಿನದ್ದು ಮೈ ಅದುರಿಸಿಕೊಂಡು ಚಿಕ್ ಚಿಕ್ ಅನ್ನುತ್ತದೆ. 'ಬಿಡು, ನಾನು ಹೆಣ್ಣಲ್ಲ' ಎಂಬುದು ಅದರ ಅರ್ಥ, ಮೇಲಿನದ್ದು ಇಳಿಯುತ್ತದೆ. ಇನ್ನೊಂದು, ನೀರೊಳ್ಳೆ ಹಾವು ಹಿಡಿದಾಗ ಕೇಳುವ ಆ ಎಳೆದ ಚೀತ್ಕಾರ. ತೋಟದ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತು. ಅದು ಬಾಯಿ ತೆರೆದು ಕೂಗುವ ಸ್ವರ, ಹೆಣ್ಣೂ ಕೂಗುತ್ತದೆ. ಅದಕ್ಕೂ ಜಾಗ, ಜೋಡಿ ಯಾವುದಕ್ಕೂ ಸಂಬಂಧ ಇಲ್ಲ.

ನಿಮ್ಮ ಕಡೆ ಕೇಳಬಹುದಾದ ಬೇರೆ ಮರಗಪ್ಪೆಗಳನ್ನೂ ಹೇಳುತ್ತೇನೆ. ತೋಟದ ಕೆರೆಯ ಮೇಲೆ ಬಾಗಿದ ಗಿಡದಲ್ಲಿ, ಎಲೆಗಳನ್ನು ಸೇರಿಸಿ ಮಾಡಿದ ನೊರೆಗೂಡು ಕಂಡರೆ ಅದು ಮಲಬಾರ್ ಹಾರುವ ಕಪ್ಪೆಯದ್ದಿರಬಹುದು. ಅಚ್ಚ ಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆಗೆಂಪು ಚರ್ಮ. ಬ್ರಿಟಿಷ್ ಪ್ರಾಣಿವಿಜ್ಞಾನಿ ಜೆರ್ಡನ್ 1870ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಇದರಲ್ಲಿ ಒಂದು ಹೆಣ್ಣಿನ ಸುತ್ತ ಹಲವು ಗಂಡು ಅಂಟಿಕೊಂಡಿರುವುದು ಕಾಣಸಿಗುತ್ತದೆ. ಅಂದರೆ ಕೂಗಿ ಎದುರಾಳಿಯನ್ನು ದೂರ ಇಡುವ ಪ್ರಯತ್ನ ಎಲ್ಲ ಸಲವೂ ಫಲ ಕೊಡುವುದಿಲ್ಲ. ರಾಣಿಪುರಂ ಕಡೆಗೆ, ಕೊಡಗಿನ ಗಡಿಯ ಕಾಡಿಗೆ ಹೋದರೆ ಪೊದೆಗಪ್ಪೆಗಳ ಟಿಕ್ ಟಿಕ್ ಸಿಗುತ್ತದೆ. ಉಗುರಿನಷ್ಟೇ ದೊಡ್ಡ ಕಪ್ಪೆಗಳೂ ಅವುಗಳಲ್ಲಿವೆ. ಅವಕ್ಕೆ ನೊರೆಯೂ ಬೇಡ, ಕೆರೆಯೂ ಬೇಡ. ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಮುಗಿದು ಪೂರ್ತಿ ಮರಿಕಪ್ಪೆಯೇ ಹೊರಗೆ ಬರುತ್ತದೆ. ಆ ಪೊದೆಗಪ್ಪೆಗಳ ಒಂದು ದೊಡ್ಡ ಗುಂಪಿಗೆ 2010ರಲ್ಲಿ ಇಟ್ಟ ಹೆಸರು ರಾವೋರ್ಕೆಸ್ಟಿಸ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರ ಗೌರವಾರ್ಥ. ನಮ್ಮ ಕಪ್ಪೆಗಳ ಬಗ್ಗೆ ಅಷ್ಟು ಹಿಂದೆಯೇ ದುಡಿದ ಅವರ ಹೆಸರು ಶಾಲೆ ಮಕ್ಕಳಿಗೆಲ್ಲ ಗೊತ್ತಿರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಗ ಮಗಳು ಮಾಡಬಹುದಾದ ಕೆಲಸ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಲಿ, ಬಿಳಿ ಬೆಳಕು ನೇರ ಬಿದ್ದರೆ ಕೂಗು ನಿಲ್ಲುತ್ತದೆ. ಟಾಂಕಿ ಪಕ್ಕ ಅಲುಗದೆ ನಿಂತರೆ ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವಾಗ ಮೊದಲು ತಾರೀಕು, ಗಂಟೆ, ಮಳೆ ಇದೆಯಾ ಇಲ್ಲವಾ ಅಂತ ಬಾಯಲ್ಲೇ ಹೇಳಿಬಿಡಲಿ. ಗೊರಗೊರ ಬಂದ ಕೂಡಲೇ ನೋಡಬೇಕಾದ್ದು ಎರಡು: ಇನ್ನೊಂದು ಗಂಡು ಎಷ್ಟು ದೂರ ಇದೆ, ಆಮೇಲೆ ಯಾರು ಸರಿದರು. ಸ್ವರವನ್ನು ಗೆರೆಗಳ ಚಿತ್ರವಾಗಿ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಅದರಲ್ಲಿ ಟಕ್ ಟಕ್ ಬಿಡಿಬಿಡಿ ಗೆರೆಗಳಾಗಿ, ಗೊರಗು ಒತ್ತಾದ ಗೆರೆಗಳಾಗಿ ಕಾಣುತ್ತದೆ. ರೆಕಾರ್ಡ್ ಮಾಡಿದ ಕೂಗನ್ನು ತಿರುಗಿ ಹಾಕಿ ಕಪ್ಪೆಯನ್ನು ಕೆಣಕುವ ಆಸೆ ಎಲ್ಲರಿಗೂ ಬರುತ್ತದೆ. ಒಂದೆರಡು ಸಲ, ಸಣ್ಣ ಸ್ವರದಲ್ಲಿ ಹಾಕಿ ಉತ್ತರ ಬದಲಾಗುತ್ತದಾ ಅಂತ ನೋಡಿದರೆ ಸಾಕು. ರಾತ್ರಿಯಿಡೀ ಹಾಕಿದರೆ ಆ ಗಂಡು ಇಲ್ಲದ ಎದುರಾಳಿಯ ಜೊತೆ ಜಗಳವಾಡಿ ಶಕ್ತಿ ಕಳೆದುಕೊಳ್ಳುತ್ತದೆ, ಹೆಣ್ಣು ಬರುವ ಹೊತ್ತಿಗೆ ಕೂಗಲು ತ್ರಾಣ ಇರುವುದಿಲ್ಲ.

ಕೊನೆಗೆ ನೊರೆ. ಕೂಗಿಗೆ ಒಲಿದು ಬಂದ ಹೆಣ್ಣು ಗಂಡನ್ನು ಬೆನ್ನ ಮೇಲೆ ಹೊತ್ತುಕೊಂಡೇ ಗೋಡೆ ಹತ್ತಿ, ಮೈಯಿಂದ ಬಿಟ್ಟ ದ್ರವವನ್ನು ಹಿಂಗಾಲುಗಳಿಂದ ಕಡೆದು ನೊರೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಪದರ ಒಣಗಿ ಕಂದು ಬಣ್ಣಕ್ಕೆ ಬಂದರೂ ಒಳಗೆ ಪಸೆ ಇರುತ್ತದೆ. ಕೆಲವೇ ದಿನಗಳಲ್ಲಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ, ಆಮೇಲೆ ಉಳಿದ ನೊರೆಯನ್ನು ಧಾರಾಳ ತೊಳೆಯಿರಿ. ಅಷ್ಟರ ತನಕ ಟಾಂಕಿಯ ನೀರು ಬೇಕೇ ಬೇಕು ಅಂತಿದ್ದರೆ ಅಡಿಕೆ ಹಾಳೆಯ ತುಂಡನ್ನು ಒದ್ದೆ ಮಾಡಿ, ನೊರೆಯನ್ನು ಬುಡಸಮೇತ ಮೆಲ್ಲಗೆ ಅದರ ಮೇಲೆ ಎಳೆದುಕೊಳ್ಳಿ. ಒಂದು ಬಕೆಟಿನಲ್ಲಿ ಮಳೆನೀರು ತುಂಬಿ, ಅದರ ಬಾಯಿಗೆ ಹಾಳೆಯನ್ನು ಸ್ವಲ್ಪ ವಾಲಿಸಿ ಅಡ್ಡ ಇಡಿ. ನೊರೆಯನ್ನು ನೀರಿನಲ್ಲಿ ಮುಳುಗಿಸಬೇಡಿ, ಮೊಟ್ಟೆಗೆ ಗಾಳಿ ಬೇಕು. ನೆರಳಲ್ಲಿ ಇರಲಿ, ಕೋಳಿಗೆ ಸಿಗದ ಹಾಗೆ ಇರಲಿ.

ಕೊಳೆ ರೋಗಕ್ಕೆ ಮದ್ದು ಬಿಡುವ ದಿನ ಮಾತ್ರ ಮರೆಯಬೇಡಿ. ಬೋರ್ಡೋ ದ್ರಾವಣದ ಮೈಲುತುತ್ತು ಗೊದಮೊಟ್ಟೆಗೆ ವಿಷ. ಮದ್ದು ಕಲಸುವ ಡ್ರಮ್ಮನ್ನು ಟಾಂಕಿಯಿಂದ ದೂರ ಇಡಲು ಹೇಳಿ, ಆ ಹೊತ್ತಿಗೆ ಟಾಂಕಿಗೆ ಒಂದು ಟಾರ್ಪಾಲು ಮುಚ್ಚಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಬ್ಲೀಚಿಂಗ್ ಪೌಡರ್ ಹಾಕಿ ಟಾಂಕಿ ತೊಳೆಯುವ ಕ್ರಮ ಇದ್ದರೆ ಅದನ್ನು ಅಕ್ಟೋಬರ್-ನವೆಂಬರಿನ ತುಲಾ ಮಳೆ ಮುಗಿಯುವ ತನಕ ಮುಂದೆ ಹಾಕಿ, ನೀರಿನಲ್ಲಿ ಗೊದಮೊಟ್ಟೆ ಒಂದೂ ಉಳಿದಿಲ್ಲ ಎಂದು ನೋಡಿಕೊಂಡು ಮಾಡಿ.